ಎಣಿಕೆ ಸೊನ್ನೆಗಿಳಿದರೆ ಸಾಕೇ? ಲಿನಕ್ಸ್ ಡ್ರೈವರ್ ಮಾಡ್ಯೂಲ್ ತೆಗೆಯುವ ಮುನ್ನ

ತುಮಕೂರಿನ ಅಂತರಸನಹಳ್ಳಿಯಂಥ ಕೈಗಾರಿಕಾ ಪ್ರದೇಶದಲ್ಲಿ ಕರೆಂಟ್ ಮೀಟರ್ ರೀಡಿಂಗ್ ತೆಗೆಯಲು ಲಿನಕ್ಸ್ ಬೋರ್ಡಿಗೆ ಮೀಟರಿನ ಆರ್‌ಎಸ್-485 ತಂತಿಯನ್ನು ಯುಎಸ್‌ಬಿಗೆ ಜೋಡಿಸುವ ಅಗ್ಗದ ಕನ್ವರ್ಟರ್ ಸಿಕ್ಕಿಸಿದರೆ, ಒಳಗಿರುವುದು ಹೆಚ್ಚಾಗಿ ಸಿಎಚ್340 ಚಿಪ್. ಅದರ ಡ್ರೈವರ್ ಸಿಎಚ್341 ಎಂಬ ಮಾಡ್ಯೂಲ್, ಅಂದರೆ ಓಡುತ್ತಿರುವ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಬೇಕಾದಾಗ ಸೇರಿಸಿ ತೆಗೆಯಬಹುದಾದ ಕೋಡ್. ರೆಫರೆನ್ಸ್ ಕೌಂಟ್, ಅಂದರೆ ಮಾಡ್ಯೂಲನ್ನು ಸದ್ಯ ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂಬ ಎಣಿಕೆಯನ್ನು ಕಣ್ಣಾರೆ ನೋಡಲು ಇಷ್ಟು ಸಾಕು. ಪೋರ್ಟ್ ತೆರೆಯದಿದ್ದಾಗ ಮಾಡ್ಯೂಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಮಾಡ್‌ನಲ್ಲಿ ಸಿಎಚ್341 ಎದುರು 0, ತೆರೆದರೆ 1. ಆಗ ಮಾಡ್ಯೂಲ್ ತೆಗೆಯುವ ಆರ್‌ಎಂಮಾಡ್ ಕೊಟ್ಟರೆ, ಮಾಡ್ಯೂಲ್ ಬಳಕೆಯಲ್ಲಿದೆ ಎಂಬ ಉತ್ತರ.

ಕೇಬಲ್ ಕಿತ್ತರೂ ಆ 1 ಇಳಿಯುವುದಿಲ್ಲ. ಪ್ರೋಗ್ರಾಂ ತಾನು ತೆರೆದ ಪೋರ್ಟ್ ಫೈಲನ್ನು ಮುಚ್ಚುವವರೆಗೆ ಹಳೆಯ ಪೋರ್ಟ್ ನಂಬರ್ ಬಿಡುಗಡೆಯಾಗದು. ಅದಕ್ಕೇ ಮತ್ತೆ ಸಿಕ್ಕಿಸಿದಾಗ ಪೋರ್ಟ್ ಹೆಸರು ಟಿಟಿವೈ-ಯುಎಸ್‌ಬಿ0 ಬದಲು ಟಿಟಿವೈ-ಯುಎಸ್‌ಬಿ1 ಎಂದು ಬರುತ್ತದೆ. ಹಿಡಿದುಕೊಂಡವರು ಯಾರೆಂದು ಪ್ರತಿ ಪ್ರೋಗ್ರಾಂ ತೆರೆದಿಟ್ಟ ಫೈಲ್‌ಗಳನ್ನು ತೋರಿಸುವ, ಪ್ರೊಕ್ ಅಡಿಯ ಎಫ್‌ಡಿ ಫೋಲ್ಡರ್‌ಗಳಲ್ಲಿ ಹುಡುಕಿ. ಪೋರ್ಟ್ ಹೆಸರಿನ ಕೊನೆಯಲ್ಲಿ ಡಿಲೀಟೆಡ್ ಎಂದಿರುತ್ತದೆ. ಸಂಪರ್ಕ ಕಡಿದದ್ದು ತಿಳಿದ ಕೂಡಲೇ ಫೈಲ್ ಮುಚ್ಚಿ, ಮತ್ತೆ ತೆರೆಯುವ ಹಾಗೆ ಪ್ರೋಗ್ರಾಂ ಬರೆದರೆ ಈ ತಾಪತ್ರಯವೇ ಇಲ್ಲ.

ಎಣಿಕೆ ಏರಿಸುವುದು ಯಾರ ಕೆಲಸ? 2.4 ಕರ್ನಲ್ ಕಾಲದಲ್ಲಿ ಎಷ್ಟೋ ಡ್ರೈವರ್‌ಗಳು ತಮ್ಮ ಓಪನ್ ಫಂಕ್ಷನ್ ಒಳಗೇ ಏರಿಸಿಕೊಳ್ಳುತ್ತಿದ್ದವು. ಒಳಗೆ ಕಾಲಿಟ್ಟು, ಇನ್ನೂ ಏರಿಸದ ಆ ಸಂದಿಯಲ್ಲಿ ಇನ್ನೊಂದು ಸಿಪಿಯು ಮಾಡ್ಯೂಲನ್ನೇ ತೆಗೆದುಬಿಡಬಹುದು. ಇಳಿಸುವಾಗಲಂತೂ ಕೂತ ಕೊಂಬೆ ಕಡಿದಂತೆ: ಎಣಿಕೆ ಸೊನ್ನೆಯಾದ ಮೇಲೂ ಓಡುತ್ತಿರುವುದು ಅದೇ ಮಾಡ್ಯೂಲಿನ ಕೋಡ್. ಈಗ ಡ್ರೈವರನ್ನು ಕರೆಯುವ ಕರ್ನಲ್ ಕೋಡೇ ಮೊದಲು ಟ್ರೈ_ಮಾಡ್ಯೂಲ್_ಗೆಟ್ ಕರೆದು ಎಣಿಕೆ ಏರಿಸುತ್ತದೆ. ಮಾಡ್ಯೂಲ್ ಆಗಲೇ ಹೊರಟಿದ್ದರೆ ಅದು ವಿಫಲ. ಕ್ಯಾರೆಕ್ಟರ್ ಡ್ರೈವರ್ (ಫೈಲಿನಂತೆ ತೆರೆದು ಓದಿ ಬರೆಯುವ ಸಾಧನದ ಡ್ರೈವರ್) ಬರೆಯುವವರು, ಓಪನ್, ರೀಡ್ ಮುಂತಾದ ಫಂಕ್ಷನ್‌ಗಳ ಪಟ್ಟಿಯಾದ ಫೈಲ್_ಆಪರೇಷನ್ಸ್‌ನ ಓನರ್‌ಗೆ ದಿಸ್_ಮಾಡ್ಯೂಲ್ ತುಂಬಿದರೆ ಮುಗಿಯಿತು. ಮರೆತರೆ ಎಣಿಕೆ 0ರಲ್ಲೇ ಉಳಿಯುತ್ತದೆ, ಆರ್‌ಎಂಮಾಡ್ ಸಲೀಸಾಗಿ ನಡೆಯುತ್ತದೆ, ಮುಂದಿನ ರೀಡ್‌ಗೆ ಕರ್ನಲ್ ಊಪ್ಸ್, ಅಂದರೆ ಕರ್ನಲ್ಲೇ ಎಡವಿ ಬೀಳುವ ದೋಷ.

ಆದರೆ ಈ ಎಣಿಕೆ ಕಾಯುವುದು ಕೋಡನ್ನು, ಡೇಟಾವನ್ನಲ್ಲ. ಫೈಲ್ ತೆರೆದಿರುವಾಗಲೇ ಕೇಬಲ್ ಕಿತ್ತರೆ ಡ್ರೈವರಿನ ಡಿಸ್ಕನೆಕ್ಟ್ ಫಂಕ್ಷನ್ ಓಡುತ್ತದೆ. ಅಲ್ಲೇ ಸ್ಟ್ರಕ್ಟ್ (ಸಾಧನದ ಡೇಟಾ ಇಟ್ಟ ಮೆಮೊರಿ) ಫ್ರೀ ಮಾಡಿದರೆ ನಂತರದ ರೀಡ್ ಸತ್ತ ಮೆಮೊರಿ ಮುಟ್ಟುತ್ತದೆ. ಸ್ಟ್ರಕ್ಟ್‌ಗೆ ಬೇರೆಯೇ ಕೆರೆಫ್ (ಡೇಟಾದ ಬಳಕೆಯ ಎಣಿಕೆ) ಬೇಕು.

ಡ್ರೈವರ್ ತನ್ನ ಕೋಡನ್ನು ಆಮೇಲೆ ಅಥವಾ ಹಿನ್ನೆಲೆಯಲ್ಲಿ ಓಡಿಸಲು ಬಳಸುವ ಟೈಮರ್, ವರ್ಕ್‌ಕ್ಯೂ, ಕೆಥ್ರೆಡ್, ಆರ್‌ಸಿಯು ಕಾಲ್‌ಬ್ಯಾಕ್, ಇವು ಯಾವುವೂ ತಾವಾಗಿ ಎಣಿಕೆ ಏರಿಸುವುದಿಲ್ಲ. ಮಾಡ್ಯೂಲ್ ತೆಗೆಯುವಾಗ ಓಡುವ ಎಕ್ಸಿಟ್‌ನಲ್ಲಿ ಮೊದಲು ಅನ್‌ರಿಜಿಸ್ಟರ್ ಮಾಡಿ ಹೊಸಬರ ದಾರಿ ಮುಚ್ಚಿ, ಆಮೇಲೆ ಒಳಗಿರುವವರನ್ನು ನಿಲ್ಲಿಸಿ: ಕೆಥ್ರೆಡ್_ಸ್ಟಾಪ್, ಕ್ಯಾನ್ಸಲ್_ವರ್ಕ್_ಸಿಂಕ್. ಟೈಮರ್ ವರ್ಕನ್ನೂ ವರ್ಕ್ ಟೈಮರನ್ನೂ ಎಬ್ಬಿಸುವಂತಿದ್ದರೆ ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಎಬ್ಬಿಸುತ್ತದೆ, 6.2 ಕರ್ನಲ್‌ನಿಂದ ಸಿಗುವ ಟೈಮರ್_ಶಟ್‌ಡೌನ್_ಸಿಂಕ್ ಬಳಸಿದರೆ ಟೈಮರ್ ಮತ್ತೆ ಏಳದು. ಹಳಬರೂ ಎಡವುವ ಜಾಗ ಆರ್‌ಸಿಯು, ಅಂದರೆ ಓದುಗರು ಮುಗಿಸುವವರೆಗೆ ಹಳೆಯ ಡೇಟಾ ಉಳಿಸುವ ವಿಧಾನ. ಸಿಂಕ್ರೊನೈಜ್_ಆರ್‌ಸಿಯು ಓದುಗರಿಗಾಗಿ ಕಾಯುತ್ತದೆ, ಅಷ್ಟೇ. ಕಾಲ್_ಆರ್‌ಸಿಯು ಸರದಿಗೆ ಹಾಕಿದ ಕಾಲ್‌ಬ್ಯಾಕ್‌ಗಳು ಮುಗಿಯಬೇಕಾದರೆ ಆರ್‌ಸಿಯು_ಬ್ಯಾರಿಯರ್ ಬೇಕೇ ಬೇಕು.

ಬಲವಂತವಾಗಿ ತೆಗೆಯುವ ಆರ್‌ಎಂಮಾಡ್ -ಎಫ್ ಇದೆಯಲ್ಲ ಎನ್ನಬೇಡಿ. ಫೋರ್ಸ್ ಅನ್‌ಲೋಡ್ ಆಯ್ಕೆಯಿಟ್ಟು ಕಟ್ಟಿದ ಕರ್ನಲ್‌ನಲ್ಲಿ ಮಾತ್ರ ಅದು ನಡೆಯುತ್ತದೆ, ನಡೆದರೆ ಕರ್ನಲ್ ಕಳಂಕಿತ ಎಂದು ತೋರಿಸುವ ಟೇಂಟ್ ಗುರುತಿನಲ್ಲಿ ಆರ್ ಅಕ್ಷರ ಕೂರುತ್ತದೆ.

ನೆಟ್‌ವರ್ಕ್ ಕಾರ್ಡ್ ಲೆಕ್ಕ ಬೇರೆ. ಇಂಟರ್‌ಫೇಸ್ ಚಾಲೂ ಇದ್ದರೂ ಸಾಮಾನ್ಯವಾಗಿ ಎಣಿಕೆ 0, ತೆಗೆಯಲು ಹೇಳಿದರೆ ಮಾಡ್ಯೂಲ್ ಏನೂ ಕೇಳದೆಯೇ ಇಳಿದುಬಿಡುತ್ತದೆ. ಎಸ್‌ಎಸ್‌ಎಚ್‌ನಲ್ಲಿ, ಅಂದರೆ ಅದೇ ನೆಟ್‌ವರ್ಕ್ ಮೂಲಕ ದೂರದಿಂದ ಕೂತು ಮಾಡುವುದಾದರೆ ತೆಗೆಯುವ ಮತ್ತು ಹಾಕುವ ಮಾಡ್‌ಪ್ರೋಬ್ ಎರಡನ್ನೂ ಒಂದೇ ಸಾಲಲ್ಲಿ, ಸಂಪರ್ಕ ಕಡಿದರೂ ಓಡುತ್ತಲೇ ಇರುವ ಸ್ಕ್ರೀನ್ ಸೆಷನ್ ಒಳಗೆ ಕೊಡಿ.