ಬೆನ್ನ ಮೇಲಿನ ಬಾವುಟ

ಭಾನುವಾರ ಬೆಳಗ್ಗೆ ಮೇಜಿನ ಮೇಲಿದ್ದದ್ದು 28 ಮಿ.ಮೀ. ಅಳತೆಯ 64 ಲೋಹದ ಗೊಂಬೆಗಳು: 40 ಅಜ್ಟೆಕ್, 20 ಸ್ಪ್ಯಾನಿಷ್ ಕಾಲಾಳು, 4 ಕುದುರೆ ಸವಾರರು. ಮೇಜಿನ ಮೇಲಿನ ಯುದ್ಧದಾಟವಾಗಿ ಆಡಬೇಕಿದ್ದದ್ದು ಮೆಕ್ಸಿಕೊದಲ್ಲಿ ಸ್ಪ್ಯಾನಿಷರಿಗೂ ಅಲ್ಲಿನ ಅಜ್ಟೆಕರಿಗೂ ನಡೆದ 1520ರ ಜುಲೈನ ಒಟುಂಬಾ ಕದನ. ಅದಕ್ಕೆ ಕೆಲವೇ ದಿನ ಮುಂಚೆ ಅಜ್ಟೆಕರ ರಾಜಧಾನಿ ಟೆನೊಚ್ಟಿಟ್ಲಾನಿನಿಂದ ರಾತ್ರೋರಾತ್ರಿ ಪಾರಾದ ಸ್ಪ್ಯಾನಿಷ್ ದಂಡನಾಯಕ ಕೊರ್ಟೆಸನ ಪಡೆ ಫಿರಂಗಿಗಳನ್ನು ಊರ ಸುತ್ತಲಿನ ಸರೋವರದ ಪಾಲು ಮಾಡಿ ಬಂದಿತ್ತು. ಹಾಗಾಗಿ ನಮ್ಮ ಫಿರಂಗಿಯೂ ಡಬ್ಬಿಯಲ್ಲೇ ಉಳಿಯಿತು. ಸ್ಪ್ಯಾನಿಷ್ ಕಾಲಾಳುಗಳಿಗೆ 20 ಸೈನಿಕರಿಗೆ ಒಂದು ಗೊಂಬೆಯ ಲೆಕ್ಕ ಸರಿ. ಕುದುರೆಗಳಿಗೂ ಅದನ್ನೇ ಹಿಡಿದರೆ ಸಿಗುವುದು ಒಂದೇ ಕುದುರೆ, ಆಟವೇ ಸಾಯುತ್ತದೆ. ಅವಕ್ಕೆ ಮಾತ್ರ 5ಕ್ಕೆ ಒಂದು.

ಮೊದಲ ಕಿರಿಕಿರಿ ತಲೆಗಳದ್ದು. ದೋಣಿಯಾಕಾರದ ಮೊರಿಯನ್ ಶಿರಸ್ತ್ರಾಣ ಬಳಕೆಗೆ ಬಂದದ್ದು ಆಮೇಲೆ. ಗೊಂಬೆ ಮಾಡುವವರಿಗೆ ಮಾತ್ರ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. ನೆತ್ತಿಯ ಏಣನ್ನು ಕಟ್ಟರ್‌ನಲ್ಲಿ ಕಚ್ಚಿಸಿದರೆ ಅಂಚೂ ಸೊಟ್ಟಗಾಗುತ್ತದೆ. ಸಣ್ಣ ಅರದಿಂದ ಉಜ್ಜಿ ಇಳಿಸುವುದೇ ವಾಸಿ.

ಸ್ಪ್ಯಾನಿಷರನ್ನೆಲ್ಲ ಉಕ್ಕಿನ ಬಣ್ಣದಲ್ಲಿ ಮುಳುಗಿಸಬಾರದು. ಅವರಲ್ಲೂ ಎಷ್ಟೋ ಜನ ಅಲ್ಲಿಯವರ ಹಾಗೆ ಹತ್ತಿ ತುಂಬಿ ಹೊಲಿದ ಕವಚವನ್ನೇ ತೊಟ್ಟಿದ್ದರು. ಅದಕ್ಕೆ ಮೊದಲು ಮಾಸಲು ಕೆನೆ ಬಣ್ಣ, ಆಮೇಲೆ ಹೊಲಿಗೆಯ ಗೆರೆಗಳಿಗೆ ಸಮ ನೀರು ಬೆರೆಸಿದ ಕಂದು ವಾಶ್ (ತಗ್ಗುಗಳಲ್ಲಿ ಇಳಿದು ನಿಲ್ಲುವ ತೆಳು ಬಣ್ಣ), ಒಣಗಿದ ಮೇಲೆ ಉಬ್ಬುಗಳಿಗೆ ಬಿಳಿಯ ಡ್ರೈಬ್ರಷ್, ಅಂದರೆ ಬಣ್ಣ ಬಹುತೇಕ ಒರೆಸಿದ ಕುಂಚದ ಸವರಿಕೆ. ವಾಶನ್ನು ನೀರು ಬೆರೆಸದೆ ಬಳಿದ ಮೂರು ಗೊಂಬೆಗಳ ಹೊಟ್ಟೆಯ ಮೇಲೆ ಚಹಾ ಲೋಟ ಇಟ್ಟಂಥ ಉಂಗುರಗಳು ಮೂಡಿದವು.

ಅಜ್ಟೆಕರ ಕಡೆ ಆಸೆಯೇ ಶತ್ರು. ಜಾಗ್ವಾರ್ (ಚಿರತೆಯನ್ನು ಹೋಲುವ ಅಮೆರಿಕದ ಕಾಡುಪ್ರಾಣಿ) ವೇಷದ ಗೊಂಬೆಗಳು ಚೆಂದವೆಂದು ಇಡೀ ದಂಡಿಗೆ ಅದನ್ನೇ ತೊಡಿಸುವವರಿದ್ದಾರೆ. ಅಜ್ಟೆಕರ ಬದುಕನ್ನು ಚಿತ್ರಿಸಿದ ಹಳೆಯ ಹಸ್ತಪ್ರತಿ ಮೆಂಡೋಜಾ ಕೋಡೆಕ್ಸಿನ ಚಿತ್ರಗಳಲ್ಲಿ ಆ ವೇಷ ನಾಲ್ಕು ಸೆರೆಯಾಳುಗಳನ್ನು ಹಿಡಿದವನದು. ಇಬ್ಬರನ್ನು ಹಿಡಿದವನಿಗೆ ಚೂಪು ಟೋಪಿಯ ವೇಷ. ಮುಂದಿನ ಸಾಲಿನಲ್ಲಿ ಮೂರೋ ನಾಲ್ಕೋ ಜಾಗ್ವಾರ್ ಸಾಕು, ಹಿಂದೆಲ್ಲ ಬಿಳಿ ಹತ್ತಿ ಮತ್ತು ಬರಿಮೈ. ಮಕ್ವಾವಿಟ್ಲ್ ಎಂಬ ಮರದ ಆಯುಧದ ಅಂಚಿನಲ್ಲಿರುವುದು ಜ್ವಾಲಾಮುಖಿಯ ಕಪ್ಪು ಗಾಜಿನ ಅಲಗು. ಅಲಗಿಗೆ ಕಪ್ಪು, ತುದಿಗೆ ಕೂದಲೆಳೆಯಷ್ಟು ನೀಲಿಬೂದು, ಎಲ್ಲ ಮುಗಿದ ಮೇಲೆ ಅಲಗಿಗೆ ಮಾತ್ರ ಹೊಳಪಿನ ವಾರ್ನಿಷ್.

ಮಧ್ಯಾಹ್ನ ಜಿಟಿಜಿಟಿ ಮಳೆ ಹಿಡಿದಾಗಲೇ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಮಾಡಿದ್ದು ಶುದ್ಧ ಪೆದ್ದುತನ. ಗಾಳಿಯ ತೇವಕ್ಕೆ ಹಸಿರು ಗರಿಗಳ ಮೇಲೆಲ್ಲ ಬೂದಿ ಎರಚಿದಂತಾಯಿತು. ಕುಂಚದಿಂದ ತೆಳುವಾಗಿ ಹೊಳಪು ವಾರ್ನಿಷ್ ಬಳಿದು, ಅದು ಪೂರ್ತಿ ಒಣಗಿದ ಮೇಲೆ ಮತ್ತೆ ಕುಂಚದಲ್ಲೇ ಮ್ಯಾಟ್ ಹಚ್ಚಿದರೆ ಬಣ್ಣ ಬಹುಮಟ್ಟಿಗೆ ಹಿಂತಿರುಗುತ್ತದೆ. ಅಷ್ಟಕ್ಕೇ ಎರಡು ಗಂಟೆ ಹೋಯಿತು.

ಉಳಿದದ್ದು ಅಜ್ಟೆಕ್ ಸೇನಾಪತಿಯ ಬಾವುಟ. ಅದು ಕೈಯಲ್ಲಿ ಹಿಡಿಯುವುದಲ್ಲ, ಬೆನ್ನಿಗೆ ಬಿಗಿಯುವುದು. ಒಟುಂಬಾದಲ್ಲಿ ಕುದುರೆ ಸವಾರರು ನುಗ್ಗಿ ಅವನನ್ನು ಕೊಂದು ಬಾವುಟ ಕಿತ್ತುಕೊಂಡಾಗಲೇ ದಂಡು ಚದುರಿತು. ಹಾಗಾಗಿ ಮೇಜಿನ ಮೇಲೂ ಅದು ಕೀಳುವಂತಿರಬೇಕು. ಬೆನ್ನಿಗೆ ಕೈ ಡ್ರಿಲ್‌ನಲ್ಲಿ 1 ಮಿ.ಮೀ. ತೂತು, 3 ಮಿ.ಮೀ. ಆಳ, ಅದರಲ್ಲಿ 0.8 ಮಿ.ಮೀ. ಹಿತ್ತಾಳೆ ತಂತಿ, ಅಂಟಿಲ್ಲ. 25 ಮಿ.ಮೀ. ಪೀಠದ ಮೇಲೆ ಅವನು ಅಂಗಾತ ಬಿದ್ದ. 40ರದ್ದಕ್ಕೆ ಬದಲಿಸಿ, ಅಡಿಗೆ ಕಬ್ಬಿಣದ ವಾಷರ್ ಅಂಟಿಸಿದ ಮೇಲೆ ನಿಂತ. ಆದರೆ ತೂತು ಸಡಿಲ. ಗೊಂಬೆ ಸರಿಸಿದಾಗಲೆಲ್ಲ ಬಾವುಟ ಕಳಚಿ, ಶತ್ರು ಹತ್ತಿರ ಬರುವ ಮೊದಲೇ ಅಜ್ಟೆಕರು ಸೋಲುತ್ತಿದ್ದರು. ತಂತಿಯ ತುದಿಯನ್ನು ಇಕ್ಕಳದಲ್ಲಿ ಚೂರೇ ಚೂರು ಬಾಗಿಸಿದಾಗ ಗಟ್ಟಿಯಾಗಿ ಕಚ್ಚಿಕೊಂಡಿತು.