ಮೆತ್ತಿ ಮೇಲಿನ ಸ್ಟುಡಿಯೋ: ಟಿಕ್ ಟಿಕ್ ಎಲ್ಲಿಂದ ಬಂತು?

ಜೂನ್ 9

ಮಳೆ ಹಿಡಿದಿದೆ. ಶಿರಸಿ ಕಡೆ ಮಳೆ ಹಿಡಿದರೆ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾಡುವ ಯಕ್ಷಗಾನ) ಶುರು. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ದಿನ ಬಿಟ್ಟರೆ ಸಂಜೆಗೆ ಜನ ಸಿಗುತ್ತಾರೆ. ಈ ಸಲ ನಮ್ಮ ಜಗಲಿಯ ಕೂಟವನ್ನು ಸರಿಯಾಗಿ ರೆಕಾರ್ಡ್ ಮಾಡಬೇಕು ಅಂತ ಹಟ.

ಕಳೆದ ವರ್ಷ ಎರಡೇ ಮೈಕ್ ಇದ್ದವು. ಚಂಡೆ ಬಿದ್ದರೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಮುಳುಗಿ ಹೋಗುತ್ತಿತ್ತು. ಲೆಕ್ಕ ಹಾಕಿದೆ: ಹಾಡಿ ತಾಳ ಹಿಡಿಯುವ ಭಾಗವತರಿಗೆ ಒಂದು, ಮದ್ದಳೆಯ ಎರಡು ಮುಖಕ್ಕೆ ಎರಡು, ಚಂಡೆಗೆ ಒಂದು, ಅರ್ಥಧಾರಿಗಳಿಗೆ ನಾಲ್ಕು. ಅಲ್ಲಿಗೇ ಎಂಟಾಯಿತು. ದನಿಯನ್ನು ಲ್ಯಾಪ್‌ಟಾಪಿಗೆ ಕೊಡುವ ನನ್ನ ಇಂಟರ್‌ಫೇಸ್ ಪೆಟ್ಟಿಗೆಯಲ್ಲಿ ಮೈಕಿಗೆ ಎರಡೇ ತೂತು. ಹಾಗಾಗಿ ಮೈಕಿನ ದನಿ ಎತ್ತರಿಸುವ, ಎಂಟು ಚಾನೆಲ್‌ನ ಹಳೆ ಪ್ರಿಆಂಪ್ ಒಂದನ್ನು ಸೆಕೆಂಡ್ ಹ್ಯಾಂಡ್ ತಂದೆ. ಅದರ ಹಿಂದೆ ಎಡ್ಯಾಟ್ ಎಂಬ ಡಿಜಿಟಲ್ ಔಟ್ ಇದೆ. ಒಂದೇ ಆಪ್ಟಿಕಲ್ ಕೇಬಲ್ಲಿನಲ್ಲಿ ಎಂಟೂ ಚಾನೆಲ್ ಹೋಗುತ್ತದೆ.

ಜೋಡಿಸಿದೆ. ಏನೂ ಬರಲಿಲ್ಲ. ಅರ್ಧ ಗಂಟೆ ಮೆನು ಎಲ್ಲ ಹುಡುಕಿದ ಮೇಲೆ ಕೇಬಲ್ ಬಿಚ್ಚಿ ನೋಡಿದರೆ, ತುದಿಗೆ ಉಗುರಿನಷ್ಟು ಚಿಕ್ಕ ಪ್ಲಾಸ್ಟಿಕ್ ಟೊಪ್ಪಿ. ಪಾರದರ್ಶಕ, ಕಣ್ಣಿಗೇ ಕಾಣುವುದಿಲ್ಲ. ಅದನ್ನು ತೆಗೆದು ಒಂದು ತುದಿ ಪ್ರಿಆಂಪಿಗೆ ಹಾಕಿ, ಇನ್ನೊಂದನ್ನು ಅಂಗೈಗೆ ಹಿಡಿದೆ. ಅಂಗೈ ಮೇಲೆ ಕೆಂಪು ಚುಕ್ಕೆ. ಬೆಳಕು ಬಂತು ಅಂದರೆ ಕೇಬಲ್ ಸರಿ ಇದೆ.

ಜೂನ್ 12

ದನಿ ಬಂತು, ಜೊತೆಗೆ ಟಿಕ್ ಟಿಕ್ ಕೂಡ ಬಂತು. ಚಂಡೆ ಬಾರಿಸುವಾಗ ಗೊತ್ತೇ ಆಗುವುದಿಲ್ಲ. ಶ್ರುತಿಪೆಟ್ಟಿಗೆ ಒಂದನ್ನೇ ಬಿಟ್ಟು ಕೇಳಿದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ, ಸುಮಾರು ಎರಡು ಸೆಕೆಂಡಿಗೊಂದು. ಮೊದಲು ಕರೆಂಟಿನ ಮೇಲೆ ಅನುಮಾನ. ಇನ್ವರ್ಟರ್ ಆಫ್ ಮಾಡಿದೆ, ಫ್ರಿಜ್ ಆಫ್ ಮಾಡಿದೆ, ಅಮ್ಮನ ಹತ್ತಿರ ಬೈಸಿಕೊಂಡೆ. ಟಿಕ್ ಹೋಗಲಿಲ್ಲ. ಆಮೇಲೆ ತಲೆಗೆ ಹೊಳೆಯಿತು: ಪ್ರಿಆಂಪಿನಿಂದ ಬರುವ ಎಂಟರಲ್ಲಿ ಮಾತ್ರ ಟಿಕ್ ಇದೆ. ಇಂಟರ್‌ಫೇಸಿನ ಸ್ವಂತ ಎರಡು ಚಾನೆಲ್ ಸ್ವಚ್ಛ.

ಕಾರಣ ಕ್ಲಾಕ್, ಅಂದರೆ ಪೆಟ್ಟಿಗೆಯ ಒಳಗಿನ ಗಡಿಯಾರ. ಎರಡೂ ಪೆಟ್ಟಿಗೆ 48,000 ಅಂತಲೇ ಹೇಳುತ್ತವೆ, ಅಂದರೆ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತವೆ; ಒಂದೊಂದು ಅಳತೆ ಒಂದು ಸ್ಯಾಂಪಲ್. ಆದರೆ ಒಂದೊಂದರ ಒಳಗೂ ಅದರದ್ದೇ ಹರಳು, ಅದರದ್ದೇ ಎಣಿಕೆ. ಎರಡು ಹರಳಿನ ನಡುವೆ ಹತ್ತು ಲಕ್ಷಕ್ಕೆ ಬರೀ 10ರಷ್ಟು ವ್ಯತ್ಯಾಸ ಇದ್ದರೂ ಸೆಕೆಂಡಿಗೆ ಹತ್ತಿರ ಹತ್ತಿರ ಅರ್ಧ ಸ್ಯಾಂಪಲ್ ಹಿಂದೆ ಮುಂದೆ ಆಗುತ್ತದೆ. ಎರಡು ಸೆಕೆಂಡಿಗೆ ಒಂದು ಸ್ಯಾಂಪಲ್ ಬಿದ್ದು ಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ಅದೇ ಆ ಟಿಕ್.

ಕಳೆದ ವರ್ಷದ ಇನ್ನೊಂದು ಒಗಟೂ ಇಲ್ಲೇ ಬಿಡಿಸಿತು. ಆಗ ಚಂಡೆಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದು ಆಮೇಲೆ ಕೂಡಿಸಿದ್ದೆ. ಶುರುವಿನಲ್ಲಿ ಸರಿ ಇದ್ದದ್ದು ಕೊನೆಕೊನೆಗೆ ಎರಡೆರಡು ಪೆಟ್ಟಾಗಿ ಕೇಳುತ್ತಿತ್ತು. ಅದೇ ಲೆಕ್ಕದಲ್ಲಿ ಒಂದು ಗಂಟೆಗೆ 36 ಮಿಲಿಸೆಕೆಂಡ್ ಆಚೀಚೆ. ಪಾಪ, ಚಂಡೆಯವರದ್ದೇ ತಪ್ಪು ಅಂದುಕೊಂಡಿದ್ದೆ.

ಪರಿಹಾರ ಯಕ್ಷಗಾನದವರಿಗೆ ಹೇಳಿಕೊಡಬೇಕಾಗಿಲ್ಲ. ತಾಳ ಒಬ್ಬರ ಕೈಯಲ್ಲಿ ಇರಬೇಕು, ಉಳಿದವರು ಕೇಳಿ ಬಾರಿಸಬೇಕು. ನಮ್ಮಲ್ಲಿ ಭಾಗವತ ಯಾರು? ಪ್ರಿಆಂಪಿಗೆ ಎಡ್ಯಾಟ್ ಔಟ್ ಮಾತ್ರ ಇದೆ, ಇನ್ ಇಲ್ಲ. ಬೇರೆಯವರ ಕ್ಲಾಕ್ ಕೇಳಲು ಅದಕ್ಕೆ ವರ್ಡ್ ಕ್ಲಾಕಿನ (ದನಿ ಇಲ್ಲದೆ ಕ್ಲಾಕ್ ಮಾತ್ರ ಬರುವ) ಬಿಎನ್‌ಸಿ ತೂತೊಂದೇ ದಾರಿ. ನನ್ನ ಇಂಟರ್‌ಫೇಸಿನಲ್ಲಿ ಬಿಎನ್‌ಸಿಯೇ ಇಲ್ಲ. ಕೇಳಲಾಗದವನನ್ನೇ ಭಾಗವತ ಮಾಡಬೇಕು, ಬೇರೆ ದಾರಿ ಇಲ್ಲ. ಪ್ರಿಆಂಪಿನ ಕ್ಲಾಕ್ ಇಂಟರ್ನಲ್ (ತನ್ನದೇ), ಇಂಟರ್‌ಫೇಸಿನದ್ದು ಎಕ್ಸ್‌ಟರ್ನಲ್ ಎಡ್ಯಾಟ್ (ಎಡ್ಯಾಟಿನಲ್ಲಿ ಬಂದದ್ದು) ಅಂತ ಇಟ್ಟೆ. ಮಿಣುಕುತ್ತಿದ್ದ ಲಾಕ್ ದೀಪ ಗಟ್ಟಿಯಾಗಿ ನಿಂತಿತು. ಟಿಕ್ ಹೋಯಿತು. ಕ್ಲಾಕಿಗೇ ಅಂತ ಬೇರೆ ಪೆಟ್ಟಿಗೆ ತಗೋ ಎಂದು ಗೆಳೆಯನೊಬ್ಬ ಹೇಳಿದ್ದ. ಎರಡು ಪೆಟ್ಟಿಗೆಗೆ ಅದೆಲ್ಲ ದಂಡ.

ಜೂನ್ 21

ಮೊದಲ ಪೂರ್ತಿ ರೆಕಾರ್ಡಿಂಗ್. ಚಂಡೆಯವರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದಿದ್ದರು. ರಾತ್ರಿ ಕೇಳುವಾಗ ಎಲ್ಲ ಚೆನ್ನಾಗಿತ್ತು.

ಬೆಳಿಗ್ಗೆ ಪ್ರಿಆಂಪ್ ಹಚ್ಚದೆ ಸುಮ್ನೆ ಲ್ಯಾಪ್‌ಟಾಪಿನಲ್ಲಿ ಕೇಳಿದರೆ ಭಾಗವತರು ಎಳೆ ಹುಡುಗನ ಹಾಗೆ ಹಾಡುತ್ತಿದ್ದಾರೆ! ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕಪ್ಪು ಎರಡರ ಶ್ರುತಿ ಬಿಳಿ ಮೂರಕ್ಕೂ ಬಿಳಿ ನಾಲ್ಕಕ್ಕೂ ನಡುವೆ ಎಲ್ಲೋ ಸಿಕ್ಕಿಕೊಂಡಿದೆ. ಒಂದು ಗಂಟೆಯ ಭಾಗ 55 ನಿಮಿಷಕ್ಕೆ ಮುಗಿಯಿತು.

ಆ 55ರಿಂದಲೇ ಸುಳಿವು ಸಿಕ್ಕಿದ್ದು. 60 ನಿಮಿಷವನ್ನು 44.1ರಿಂದ ಗುಣಿಸಿ 48ರಿಂದ ಭಾಗಿಸಿದರೆ 55 ಚಿಲ್ಲರೆ. ಪ್ರಿಆಂಪಿನ ಹಿಂದಿನ ಸ್ವಿಚ್ 44.1ರಲ್ಲಿ (ಸೆಕೆಂಡಿಗೆ 44,100 ಸ್ಯಾಂಪಲ್) ಇತ್ತು. ಲ್ಯಾಪ್‌ಟಾಪಿನ ಪ್ರಾಜೆಕ್ಟ್ 48ರಲ್ಲಿ. ರೆಕಾರ್ಡ್ ಮಾಡುವಾಗಲೂ ಕೇಳುವಾಗಲೂ ಪ್ರಿಆಂಪಿನದೇ ಕ್ಲಾಕ್, ಹಾಗಾಗಿ ರಾತ್ರಿ ಗೊತ್ತಾಗಲಿಲ್ಲ.

ಸ್ವಿಚ್ ಸರಿದದ್ದು ಹೇಗೆ? ಕುಂಬಾರ ಹುಳ. ಆರನೇ ಜಾಕಿನ ತೂತಿನಲ್ಲಿ ಮಣ್ಣು ತುಂಬಿ ಗೂಡು ಕಟ್ಟಿತ್ತು. ಹಿಂದಿನ ದಿನ ಕಡ್ಡಿ, ಬ್ರಷ್ ಹಿಡಿದು ಅದನ್ನು ಕೆರೆದು ತೆಗೆಯುವಾಗ ಹೆಬ್ಬೆರಳು ತಾಗಿರಬೇಕು. ಪುಣ್ಯಕ್ಕೆ ರೆಕಾರ್ಡಿಂಗ್ ಹಾಳಾಗಿರಲಿಲ್ಲ. ಫೈಲನ್ನು ಕನ್ವರ್ಟ್ ಮಾಡದೆ, 48,000 ಎಂಬ ಹಣೆಪಟ್ಟಿಯನ್ನಷ್ಟೇ 44,100 ಮಾಡಿದೆ. ಭಾಗವತರು ಕಪ್ಪು ಎರಡಕ್ಕೆ ವಾಪಸ್. ಈಗ ಆ ಸ್ವಿಚ್ಚಿಗೆ ಟೇಪ್ ಹಚ್ಚಿದ್ದೇನೆ.

ಜುಲೈ 3

ಹಳೆ ಕೀಬೋರ್ಡಿನ ಹಿಂದೆ ಸ್ಪಿಡಿಫ್ ಔಟ್ ಕಂಡಿತು. ಡಿಜಿಟಲ್ ಅಲ್ವಾ, ಬಿಡುವುದು ಯಾಕೆ ಅಂತ ಹಾಕಿದೆ. ಮತ್ತೆ ಟಿಕ್! ಇದಕ್ಕೂ ಔಟ್ ಮಾತ್ರ, ಯಾರ ಮಾತನ್ನೂ ಕೇಳುವ ತೂತಿಲ್ಲ. ಒಂದೇ ರಂಗದಲ್ಲಿ ಇಬ್ಬರು ಭಾಗವತರು. ನಡುವೆ ಸ್ಯಾಂಪಲ್ ರೇಟ್ ಬದಲಿಸುವ ಯಂತ್ರ ಇಡಬಹುದು, ಆದರೆ ದುಡ್ಡು. ಕೀಬೋರ್ಡನ್ನು ಮಾಮೂಲಿ ಅನಲಾಗ್ ವೈರಿನಲ್ಲಿ ಇಂಟರ್‌ಫೇಸಿಗೆ ಹಾಕಿದೆ. ನನ್ನ ಕಿವಿಗೆ ಒಂದಿಷ್ಟೂ ವ್ಯತ್ಯಾಸ ಗೊತ್ತಾಗಲಿಲ್ಲ.

ದನಿಗೆ ಮಾರ್ದನಿ ಸೇರಿಸುವ ರಿವರ್ಬ್ ಪೆಟ್ಟಿಗೆ ಮಾತ್ರ ಸಜ್ಜನ. ಸ್ಪಿಡಿಫ್ ಇನ್, ಔಟ್ ಎರಡೂ ಇವೆ. ಕ್ಲಾಕ್ ಡಿಜಿಟಲ್ ಇನ್ ಅಂತ ಇಟ್ಟೆ, ಸುಮ್ಮನೆ ಇಂಟರ್‌ಫೇಸಿನ ಹಿಂದೆ ಬಂತು. ಕೇಬಲ್ ನಾನೇ ಮಾಡಿದ್ದು. ಡಿಶ್ ಟಿವಿಯವರು ಬಿಟ್ಟು ಹೋದ ಆರ್‌ಜಿ-6 ವೈರ್ 75 ಓಮ್‌ನದ್ದು, ಸ್ಪಿಡಿಫಿಗೂ ಅದೇ ಬೇಕು.

ನಡುವೆ 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಸ್ಯಾಂಪಲ್) ಆಸೆಯೂ ಆಯಿತು. ಆ ವೇಗಕ್ಕೆ ಹೋದರೆ ಒಂದು ಎಡ್ಯಾಟ್ ಕೇಬಲ್ಲಿನಲ್ಲಿ ಎಂಟರ ಬದಲು ನಾಲ್ಕೇ ಚಾನೆಲ್. ನಾಲ್ಕು ಅರ್ಥಧಾರಿಗಳನ್ನು ಮನೆಗೆ ಕಳಿಸುವುದಕ್ಕಿಂತ 48ರಲ್ಲೇ ಇರುವುದು ವಾಸಿ. ವಿಡಿಯೋಕ್ಕೂ ಅದೇ ಬೇಕು.

ಈಗ ಹಚ್ಚುವ ಕ್ರಮವನ್ನು ಗೋಡೆಗೆ ಬರೆದು ಅಂಟಿಸಿದ್ದೇನೆ: ಮೊದಲು ಪ್ರಿಆಂಪ್, ಆಮೇಲೆ ಇಂಟರ್‌ಫೇಸ್, ಲಾಕ್ ದೀಪ ನೋಡಿ, ಆಮೇಲೆ ಲ್ಯಾಪ್‌ಟಾಪ್. ಮುಂದಿನ ಕೂಟಕ್ಕೆ ಇನ್ನೆರಡು ಮೈಕ್ ಸ್ಟ್ಯಾಂಡ್ ಬೇಕು. ಆರನೇ ಜಾಕಿಗೆ ಬೂಚು ಹಾಕಿದ್ದೇನೆ. ಹುಳ ಈಗ ಏಳನೆಯದರ ಸುತ್ತ ಹಾರಾಡುತ್ತಿದೆ.