ಹಳೇ ಲೇತ್ ನೋಡಲು ಪೀಣ್ಯಕ್ಕೆ ಹೊರಟವರಿಗೆ

ಹುಬ್ಬಳ್ಳಿ, ಹಾವೇರಿ, ದಾವಣಗೆರೆ ಕಡೆಯಿಂದ ಹಳೇ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಕೊಳ್ಳಲು ಬೆಂಗಳೂರಿಗೆ ಬರುವವರು ಕೊನೆಗೆ ಬಂದು ನಿಲ್ಲುವುದು ಪೀಣ್ಯ ಕೈಗಾರಿಕಾ ಪ್ರದೇಶದಲ್ಲೇ. ರಾತ್ರಿ ರೈಲು ಹಿಡಿದು ಯಶವಂತಪುರದಲ್ಲಿ ಇಳಿದರೆ ಹಸಿರು ಮಾರ್ಗದ ಮೆಟ್ರೊದಲ್ಲಿ ಪೀಣ್ಯ, ಪೀಣ್ಯ ಇಂಡಸ್ಟ್ರಿ, ಜಾಲಹಳ್ಳಿ ಒಂದರ ಹಿಂದೊಂದು ಸಿಗುತ್ತವೆ. ಚೀಲದಲ್ಲಿ ಪರೀಕ್ಷೆಗೆಂದು ಕಬ್ಬಿಣದ ಬಾರ್, ಟೂಲ್ (ಲೋಹ ಕಡೆಯುವ ಅಲಗು) ಇರುವುದರಿಂದ ಆಟೊ ಇನ್ನೂ ಸಲೀಸು. ತುಮಕೂರು ರಸ್ತೆಯ ಬಸ್ಸಾದರೆ ಜಾಲಹಳ್ಳಿ ಕ್ರಾಸ್‌ನಲ್ಲಿ ಇಳಿಯಬೇಕು. ಬಸ್ಸು ಮೇಲ್ಸೇತುವೆ ಹತ್ತಿಬಿಟ್ಟರೆ ಅಲ್ಲಿ ನಿಲ್ಲದು, ಕಂಡಕ್ಟರನ್ನು ಮೊದಲೇ ಕೇಳಿಕೊಳ್ಳಿ. ಭಾನುವಾರ ಹೆಚ್ಚಿನ ಶೆಡ್‌ಗಳು ಮುಚ್ಚಿರುತ್ತವೆ.

ಹೊರಡುವ ಮುಂಚೆ ಫೋನಿನಲ್ಲಿ ಕೇಳಬೇಕಾದ್ದು ಒಂದೇ: ತ್ರೀ ಫೇಸ್ ಕರೆಂಟ್ ಕೊಟ್ಟು ಮಷಿನ್ ಓಡಿಸಿ, ಕಟಿಂಗ್ ಮಾಡಿ ತೋರಿಸುತ್ತೀರಾ? "ಬನ್ನಿ ಸಾರ್, ನೋಡೋಣ" ಎಂದರೆ ಕರೆಂಟ್ ಇಲ್ಲವೆಂದೇ ಲೆಕ್ಕ. ಓಡದ ಲೇತಿಗೆ ಗುಜರಿ ತೂಕದ ಬೆಲೆಯ ಆಸುಪಾಸಿನಲ್ಲಿ ಕೇಳಬಹುದೇ ಹೊರತು ಕೆಲಸದ ಮಷಿನ್ನಿನ ಬೆಲೆ ಕೊಡಬಾರದು. ಹಾಗೆಯೇ ನೇಮ್ ಪ್ಲೇಟ್ ಫೋಟೊ ತರಿಸಿಕೊಳ್ಳಿ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ಲೇತ್‌ಗಳು, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ಇಂದಿಗೂ ಹುಡುಕಿ ಕೊಳ್ಳುವಂಥವು. ಹರಿಹರದ ಕಾರ್ಖಾನೆ ನಿಂತು ವರ್ಷಗಳಾದ್ದರಿಂದ ಕಿರ್ಲೋಸ್ಕರ್ ಕೊಂಡರೆ ಮುರಿದ ಗೇರನ್ನು ಮಾಡಿಸಿಕೊಳ್ಳಬೇಕಾದೀತು.

ಚೀಲದಲ್ಲಿ ಇರಬೇಕಾದವು: 0.01 ಮಿ.ಮೀ. ಅಲುಗಾಟವನ್ನೂ ತೋರಿಸುವ ಡಯಲ್, ಅದನ್ನು ಹಿಡಿಯುವ ಮ್ಯಾಗ್ನೆಟಿಕ್ ಸ್ಟ್ಯಾಂಡ್, 25–50 ಮಿ.ಮೀ. ಅಳೆಯುವ ಮೈಕ್ರೋಮೀಟರ್, 45 ಮಿ.ಮೀ. ದಪ್ಪದ 300 ಮಿ.ಮೀ. ಉದ್ದದ ಎಂಎಸ್ (ಮೃದು ಉಕ್ಕಿನ) ಬಾರ್, ಚೆನ್ನಾಗಿ ಹರಿತ ಮಾಡಿದ ನಿಮ್ಮದೇ ಟೂಲ್, ಟಾರ್ಚ್, ಕಾಟನ್ ವೇಸ್ಟ್. ಟೂಲ್ ನಿಮ್ಮದಾಗಿದ್ದರೆ ಫಿನಿಶ್ ಕೆಟ್ಟಾಗ "ಟೂಲ್ ಮೊಂಡು" ಎಂಬ ಮಾತಿಗೆ ಜಾಗವಿರುವುದಿಲ್ಲ.

ಶೆಡ್ ಹೊಕ್ಕ ಕೂಡಲೇ ಹೆಡ್‌ಸ್ಟಾಕ್ (ಎಡತುದಿಯ ಗೇರ್ ಪೆಟ್ಟಿಗೆ) ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಓಡಿಸಿಟ್ಟಿದ್ದಾರೆ, ತಣ್ಣಗಿದ್ದಾಗಿನ ಸದ್ದು ನಿಮಗೆ ಸಿಗುವುದಿಲ್ಲ. ಹೊಸ ಬಣ್ಣ ಕಂಡು ಹಿಗ್ಗುವುದೂ ಬೇಡ, ಹೆದರುವುದೂ ಬೇಡ. ಆಯಿಲ್ ನಿಪ್ಪಲ್‌ಗಳ ಮೇಲೂ ಬಣ್ಣ ಕೂತಿದ್ದರೆ ಮಾತ್ರ ಉಳಿದ ಕೆಲಸವೂ ಅವಸರದ್ದೇ ಎಂದು ತಿಳಿಯಿರಿ.

ಹೆಚ್ಚು ಹೊತ್ತು ಕೊಡಬೇಕಾದ್ದು ಮಷಿನ್ನಿನ ಉದ್ದಕ್ಕೂ ಹಳಿಗಳಿರುವ ಬೆಡ್‌ಗೆ. ಸಣ್ಣಪುಟ್ಟ ಕೆಲಸವೆಲ್ಲ ಚಕ್ಕಿನ (ತುಂಡನ್ನು ಹಿಡಿದು ತಿರುಗಿಸುವ ಭಾಗ) ಹತ್ತಿರವೇ ನಡೆಯುವುದರಿಂದ ಸವೆತವೂ ಅಲ್ಲೇ. ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಕ್ಯಾರೇಜನ್ನು ಚಕ್ಕಿನ ಬಳಿ ತಂದು, ಲಾಕ್ ಬೋಲ್ಟನ್ನು ತುಸುವೇ ಹಿಡಿಯುವಷ್ಟು ಬಿಗಿದು, ಹ್ಯಾಂಡ್ ವೀಲ್ ತಿರುಗಿಸುತ್ತಾ ಬಲತುದಿಯ ಆಸರೆಯಾದ ಟೇಲ್‌ಸ್ಟಾಕ್ ಕಡೆಗೆ ಒಯ್ಯಿರಿ. ಅರ್ಧ ದಾರಿಯಲ್ಲೇ ಬಿಗಿಯಾಗಿ ನಿಂತರೆ ಬೆಡ್ ಸವೆದಿದೆ. ಎಷ್ಟು ಎಂದು ತಿಳಿಯಲು ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ಕ್ಯಾರೇಜ್ ಮೇಲಿಟ್ಟು, ಡಯಲ್ ಮುಳ್ಳನ್ನು ಟೇಲ್‌ಸ್ಟಾಕ್ ಕೂರುವ ಒಳಗಿನ ಪಟ್ಟಿಯ ಮೇಲೆ ಮುಟ್ಟಿಸಿ ಪೂರ್ತಿ ಉದ್ದ ಓಡಿಸಿ. ಆ ಪಟ್ಟಿ ಸವೆಯುವುದು ಕಡಿಮೆ, ಹಾಗಾಗಿ ಡಯಲ್ ತೋರಿಸುವುದು ಕ್ಯಾರೇಜ್ ಇಳಿದದ್ದನ್ನು. 0.1 ಮಿ.ಮೀ.ವರೆಗೆ ಜಾಬ್ ವರ್ಕ್‌ಗೆ ನಡೆಯುತ್ತದೆ. 0.2 ದಾಟಿದರೆ ಬೆಡ್ ಗ್ರೈಂಡಿಂಗ್ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಇಷ್ಟು ಸಣ್ಣ ಸವೆತಕ್ಕೆ ಏಕಿಷ್ಟು ಗಲಾಟೆ ಎನ್ನಿಸಬಹುದು. ಟೂಲ್ ನೇರ ಕೆಳಗಿಳಿದರೆ ಜಾಬಿನ (ಕಡೆಯುವ ತುಂಡಿನ) ವ್ಯಾಸ ಬದಲಾಗುವುದು ನಗಣ್ಯ. ಆದರೆ ಸವೆಯುವುದು ಆಪರೇಟರ್ ಕಡೆಯ ವಿ-ವೇ (ವಿ ಆಕಾರದ ಹಳಿ) ಹೆಚ್ಚು, ಹಿಂದಿನದು ಕಡಿಮೆ. ಕ್ಯಾರೇಜ್ ಮುಂದಕ್ಕೆ ವಾಲುತ್ತದೆ, ಟೂಲ್ ತುದಿ ಜಾಬಿನಿಂದ ದೂರ ಸರಿಯುತ್ತದೆ. ಎರಡು ಹಳಿಗಳ ನಡುವೆ 300 ಮಿ.ಮೀ., ಸೆಂಟರ್ ಎತ್ತರ (ಬೆಡ್ ಮೇಲಿಂದ ಜಾಬಿನ ನಡುವಿಗೆ) 200 ಮಿ.ಮೀ. ಇರುವ ಲೇತಿನಲ್ಲಿ ಮುಂದಿನ ವೇ 0.1 ಹೆಚ್ಚು ಸವೆದರೆ ವ್ಯಾಸದಲ್ಲಿ ಸುಮಾರು 0.13 ದಪ್ಪ ಉಳಿಯುತ್ತದೆ. ಬೇರಿಂಗ್ ಸೀಟ್ ಮಾಡುವವರಿಗೆ ಇದು ದೊಡ್ಡ ಪೆಟ್ಟು.

"ಬೆಡ್ ಗ್ರೈಂಡಿಂಗ್ ಆಗಿದೆ ಸಾರ್" ಎನ್ನುತ್ತಾರೆ. ಗ್ರೈಂಡ್ ಮಾಡಿದಷ್ಟೂ ಕ್ಯಾರೇಜ್ ಕೆಳಗಿಳಿಯುತ್ತದೆ. ಅದನ್ನು ಟರ್ಸೈಟ್ (ಜಾರುವ ಪ್ಲಾಸ್ಟಿಕ್) ಪಟ್ಟಿ ಅಂಟಿಸಿ ಮತ್ತೆ ಎತ್ತಬೇಕು. ಎತ್ತಿದ್ದಾರೋ ಇಲ್ಲವೋ ನೋಡಲು ಕ್ಯಾರೇಜನ್ನು ಗೇರ್ ಬಾಕ್ಸ್ ಹತ್ತಿರಕ್ಕೆ ತಂದು, ಥ್ರೆಡ್ ಕಟಿಂಗಿಗೆ ಕ್ಯಾರೇಜ್ ಎಳೆಯುವ ಲೀಡ್ ಸ್ಕ್ರೂ ಮೇಲೆ ಡಯಲ್ ಮುಟ್ಟಿಸಿ, ಅದನ್ನು ಕಚ್ಚಿ ಹಿಡಿಯುವ ಹಾಫ್ ನಟ್ ಹಾಕಿ. ಸ್ಕ್ರೂ ಕೆಳಕ್ಕೆ ಜಗ್ಗಿದರೆ ಅರ್ಧ ಕೆಲಸವಷ್ಟೇ ಆಗಿದೆ, ಥ್ರೆಡ್ ಕಟಿಂಗಿನಲ್ಲಿ ಹಾಫ್ ನಟ್ ಬೇಗ ತಿಂದುಹೋಗುತ್ತದೆ.

ಚಕ್ ಕೂರುವ ಸ್ಪಿಂಡಲ್ ಪರೀಕ್ಷೆಗೆ ಚಕ್ಕಿನಲ್ಲಿ ಉದ್ದದ ಬಾರ್ ಹಿಡಿದು, ಸ್ಪಿಂಡಲ್ ಮೂತಿಗೆ ಡಯಲ್ ಇಟ್ಟು ಬಾರನ್ನು ಮೇಲಕ್ಕೆ ಎತ್ತಿ ಬಿಡಿ. 0.02ರೊಳಗೆ ಅಲುಗಿ ಹಿಂದಿನ ಜಾಗಕ್ಕೇ ಮರಳಿದರೆ ಸರಿ; 'ಟಕ್' ಎಂದು ಕೈಗೆ ಬಡಿದರೆ ಬೇರಿಂಗ್ ಹೊಂದಿಸಬೇಕು ಇಲ್ಲವೇ ಬದಲಿಸಬೇಕು. ಆಮೇಲೆ ಎಲ್ಲ ಗೇರಿನಲ್ಲೂ ಓಡಿಸಿ, ಹೆಚ್ಚಿನ ಸ್ಪೀಡಿನಲ್ಲಿ ಅರ್ಧ ಗಂಟೆ ಬಿಡಿ. ಸದ್ದು ಅಡಗಿಸಲು ಗಟ್ಟಿ ಗೇರ್ ಆಯಿಲ್ ತುಂಬುವುದುಂಟು, ಆದ್ದರಿಂದ ಡ್ರೈನ್ ಪ್ಲಗ್ಗಿನಿಂದ ತುಸು ಎಣ್ಣೆ ಬೆರಳಿಗೆ ತೆಗೆದು ಟಾರ್ಚ್ ಬೆಳಕಿನಲ್ಲಿ ನೋಡಿ. ಹಿತ್ತಾಳೆ ಬಣ್ಣದ ಮಿಣುಕು ಕಂಡರೆ ಬುಷ್ ಸವೆಯುತ್ತಿದೆ, ಹಲ್ಲಿನ ಚೂರು ಸಿಕ್ಕರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಿ.

ಕಡೆಗೆ ನಿಮ್ಮ ಬಾರನ್ನು ಟೇಲ್‌ಸ್ಟಾಕ್ ಆಸರೆಯಿಲ್ಲದೆ 200 ಮಿ.ಮೀ. ಹೊರಗಿಟ್ಟು, ನಡುವೆ ವ್ಯಾಸ ಇಳಿಸಿ, ಎರಡು ತುದಿಗೆ 20 ಮಿ.ಮೀ. ಅಗಲದ ಕಾಲರ್ (ದಪ್ಪ ಪಟ್ಟಿ) ಬಿಡಿ. ಟೂಲನ್ನು ಒಳಹೊರಗೆ ಸರಿಸುವ ಕ್ರಾಸ್ ಸ್ಲೈಡ್ ಮುಟ್ಟದೆ ಒಂದೇ ತೆಳು ಪಾಸಿನಲ್ಲಿ ಎರಡನ್ನೂ ತೆಗೆದು ಅಳೆಯಿರಿ. ವ್ಯತ್ಯಾಸ 0.02ರೊಳಗಿದ್ದರೆ ಖುಷಿಪಡುವಂಥ ಮಷಿನ್. ಹೆಚ್ಚು ಬಂದರೂ ಕೂಡಲೇ ಬೇಡವೆನ್ನಬೇಡಿ: ಶೆಡ್ಡಿನಲ್ಲಿ ಲೆವೆಲ್ ಇಲ್ಲದ ನೆಲದ ಮೇಲೆ ನಿಂತ ಬೆಡ್ ತಿರುಚಿಕೊಂಡಿರುತ್ತದೆ, ಅದರಿಂದಲೂ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಬರುತ್ತದೆ. ಡಯಲ್ ತೋರಿಸಿದ ಸವೆತದ ಜೊತೆ ತಾಳೆ ನೋಡಿ ನಿರ್ಧರಿಸಿ.

ಕ್ರಾಸ್ ಸ್ಲೈಡ್ ಹ್ಯಾಂಡಲ್ ಕಾಲು ಸುತ್ತು ಖಾಲಿ ತಿರುಗಿದರೆ ಅನೇಕರು ಗಾಬರಿಯಾಗುತ್ತಾರೆ. ಗನ್‌ಮೆಟಲ್ ನಟ್ ಹೊಸದು ಮಾಡಿಸಿದರೆ ಮುಗಿಯಿತು, ಚೌಕಾಶಿಗೆ ಇದು ಒಳ್ಳೆಯ ದಾರಿ. ನಡುವೆ ಸಡಿಲ, ತುದಿಯಲ್ಲಿ ಬಿಗಿ ಆದರೆ ಮಾತ್ರ ಸ್ಕ್ರೂನೂ ಸವೆದಿದೆ. ಲೀಡ್ ಸ್ಕ್ರೂ ಇಂಚಿನದಾಗಿದ್ದು ನಿಮಗೆ ಮೆಟ್ರಿಕ್ ಥ್ರೆಡ್ ಬೇಕಿದ್ದರೆ 127 ಹಲ್ಲಿನ ಗೇರ್ ಇದೆಯೇ ಎಣಿಸಿ ನೋಡಿ. ಚಕ್ಕಿನ ಮೂರು ಹಿಡಿತದ ಹಲ್ಲುಗಳ (ಜಾ) ನಂಬರ್ ಒಂದೇ ಸೆಟ್ಟಿನವೇ ಎಂಬುದನ್ನೂ ನೋಡಿ.

ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ ಇರುವವರು ಮೋಟಾರ್ ಪ್ಲೇಟ್ ಓದಬೇಕು. ನಮ್ಮಲ್ಲಿ 3 ಎಚ್‌ಪಿವರೆಗಿನ ಮೋಟಾರ್‌ಗಳು ಸಾಮಾನ್ಯವಾಗಿ ಸ್ಟಾರ್ ಕನೆಕ್ಷನ್ನಿನವು. ಡೆಲ್ಟಾ ಕನೆಕ್ಷನ್ನಿಗೆ ಬದಲಿಸಿ, ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ವಿಎಫ್‌ಡಿಯಲ್ಲಿ ಓಡಿಸಬಹುದು. 5 ಎಚ್‌ಪಿಯವು ಹೆಚ್ಚಾಗಿ 415 ವೋಲ್ಟಿಗೇ ಡೆಲ್ಟಾ ಆಗಿರುವುದರಿಂದ ಈ ದಾರಿ ಇಲ್ಲ.

ಸಾಗಣೆಗೆ ಹೈಡ್ರಾ (ಕ್ರೇನ್) ಬಾಡಿಗೆ, ಲಾರಿ ಬಾಡಿಗೆ ಬೆಲೆಯ ಮಾತಿನಲ್ಲೇ ಸೇರಿಸಿ. ಭಾರವೆಲ್ಲ ಹೆಡ್‌ಸ್ಟಾಕ್ ಕಡೆಗೆ. ಚಕ್ ಬಿಚ್ಚಿ, ಕ್ಯಾರೇಜನ್ನು ಟೇಲ್‌ಸ್ಟಾಕ್ ಕಡೆ ಸರಿಸಿ ಲಾಕ್ ಮಾಡಿ, ಎತ್ತುವ ಬೆಲ್ಟನ್ನು ಬೆಡ್ಡಿನ ಅಡಿಗೆ ಹಾಕಿಸಿ. ಲೀಡ್ ಸ್ಕ್ರೂಗೆ ಬೆಲ್ಟ್ ತಾಗದಂತೆ ಮರದ ತುಂಡು ಕೊಡದಿದ್ದರೆ ಅದು ಅಲ್ಲೇ ಬಗ್ಗುತ್ತದೆ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಜಿಎಸ್‌ಟಿ ಬಿಲ್ಲಿನ ಜೊತೆ ಇ-ವೇ ಬಿಲ್ (ಸರಕು ಸಾಗಣೆ ಪತ್ರ) ಕೈಯಲ್ಲಿರಲಿ. ಊರಿಗೆ ತಂದು ಕನೆಕ್ಷನ್ ಕೊಟ್ಟ ಮೇಲೆ ಚಕ್ ಹಾಕುವ ಮುಂಚೆ ಮೋಟಾರ್ ತಿರುಗುವ ದಿಕ್ಕು ನೋಡಿ: ಫೇಸ್ ಅದಲುಬದಲಾಗಿದ್ದರೆ ಥ್ರೆಡ್ ಮೂತಿಯ ಚಕ್ ಬಿಚ್ಚಿಕೊಂಡು ಬೀಳಬಹುದು. ಎರಡು ಫೇಸ್ ವೈರ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ.